ಬೀಗ ಹಾಕಿದ ಬೀರು ವಿದ್ಯಾರ್ಥಿಗಳಿಗೆ ತೆಗೀರಿ

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಮಗಳೂರು ಕಡೆ ಹಳೇ ಲೈಬ್ರರಿಗೆ ಹೋಗಿ ನೋಡಿ, ಮೂಲೇಲಿ ಬೀಗ ಹಾಕಿರೋ ಬೀರು ಕಾಣುತ್ತೆ. ಯಾರೋ ದಾನ ಕೊಟ್ಟ ಪುಸ್ತಕ, ಗೆಜೆಟಿಯರ್, ನಿಂತುಹೋದ ಮಾಸಪತ್ರಿಕೆ, ಸ್ಮರಣ ಸಂಚಿಕೆ ಎಲ್ಲಾ ಅದ್ರೊಳಗೆ. ಕೇಳಿದ್ರೆ 'ಲಿಸ್ಟ್ ಆಗಿಲ್ಲ ಸಾರ್' ಅಂತಾರೆ. ಅವ್ರನ್ನ ಬೈಯೋಕೂ ಆಗಲ್ಲ, ಇರೋ ಒಬ್ರೇ ಕೌಂಟರ್ ನೋಡ್ಬೇಕೋ ಧೂಳು ಹೊಡೀಬೇಕೋ.

ಇನ್ನೊಂದು ಕಡೆ ಡಿಗ್ರಿ ಮಕ್ಳು ಇಂಟರ್ನ್‌ಶಿಪ್‌ಗೆ ಜಾಗ ಸಿಗ್ದೆ ಅಲೀತಿದಾರೆ. ಇತಿಹಾಸ, ಕನ್ನಡ ಓದೋರಿಗಂತೂ ಯಾರೂ ಕರೆಯಲ್ಲ. ಈ ಬೀರುಗಳನ್ನ ಅವ್ರಿಗೆ ಯಾಕೆ ಕೊಡಬಾರ್ದು? ಪುಸ್ತಕ ಒರೆಸಿ, ಹೆಸ್ರು ವರ್ಷ ವಿಷಯ ಕಂಪ್ಯೂಟರ್‌ಗೆ ಹಾಕಿ, ಪುಡಿಯಾಗೋ ಹಾಳೆಗೆ ಸೆಲ್ಲೋಟೇಪ್ ಹಚ್ಚದೆ ಫೋಟೋ ತೆಗೆದಿಟ್ರೂ ಸಾಕು, ಹುಡ್ಕೋರಿಗೆ ಸಿಗುತ್ತೆ.

ಆದ್ರೆ ಮಕ್ಳನ್ನ ಬಿಟ್ಟು ಸುಮ್ನೆ ಕೂತ್ರೆ ಆಗಲ್ಲ, ಪಕ್ಕದಲ್ಲಿ ತಿಳಿದೋರು ಬೇಕೇ ಬೇಕು. ನಮ್ಮೂರ ಶಾಸನ ಬೇಕು ಅಂತ ಹುಡುಗಿ ಒಬ್ಳು 'ಚಿಕ್ಕಮಗಳೂರು' ಅಂತ ಹುಡುಕಿದ್ರೆ ಸಿಗೋದಿಲ್ಲ, ಯಾಕಂದ್ರೆ ಬಿ.ಎಲ್. ರೈಸ್ 1901ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 6ನೇ ಸಂಪುಟದ ಮೇಲೆ ಇರೋದು ಕಡೂರು ಜಿಲ್ಲೆ ಅಂತ, ಆಗ ನಮ್ಮ ಜಿಲ್ಲೆ ಹೆಸ್ರೇ ಅದು. ಕಾಫಿ ತೋಟದ ಹಳೇ ಡೈರಿ ಸಿಕ್ಕಿದ್ರೂ ಹಾಗೇ, ಇಂಚು ಸೆಂಟ್ಸ್ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ) ಅಂತ ದಿನದಿನದ ಮಳೆ ಬರೆದಿರ್ತಾರೆ, ಗೊತ್ತಿಲ್ದೋರು ದುಡ್ಡಿನ ಲೆಕ್ಕ ಅಂದ್ಕೊಂಡು ರದ್ದಿಗೆ ಹಾಕ್ತಾರೆ. ಮಳೆ ಹೀಗೆ ಹೆಚ್ಚುಕಮ್ಮಿ ಆಗ್ತಿರೋ ಕಾಲದಲ್ಲಿ ಅಂಥ ಒಂದು ಡೈರಿ ಹೋದ್ರೂ ನಷ್ಟ ನಮ್ಗೇ.

ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಯಾರೋ ತಂದುಕೊಟ್ಟ ತಾಳೆಗರಿ ಕಟ್ಟನ್ನ ಶಾಮಶಾಸ್ತ್ರಿಗಳು ಕೂತು ಓದಿದ್ದಕ್ಕೇ 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಗಿ ಜಗತ್ತಿಗೆ ಸಿಕ್ತು. ಲೈಬ್ರರಿಲಿ ಕೆಲ್ಸ ಮಾಡ್ತಿದ್ದೋರೇ ಅವ್ರು. ನಮ್ಮ ಬೀರಲ್ಲಿ ಅಷ್ಟು ದೊಡ್ಡದು ಇರ್ಲೇಬೇಕು ಅಂತೇನಿಲ್ಲ, ಏನಿದೆ ಅಂತ ಗೊತ್ತಾಗ್ಬೇಕು ಅಷ್ಟೇ.

ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ತೀವಲ್ಲ, ಅದ್ರಲ್ಲಿ ಈ ಮಕ್ಳಿಗೆ ಬಸ್ ಚಾರ್ಜು, ಊಟದ ಖರ್ಚು ಕೊಡ್ಬಹುದು. ಕಾಲೇಜುಗಳು ಈ ಕೆಲ್ಸಕ್ಕೆ ಕ್ರೆಡಿಟ್ ಕೊಡ್ಲಿ. ಹಳೇ ಕಡತಗಳಲ್ಲಿರೋ ಮೋಡಿ ಅಕ್ಷರ, ಅಂದ್ರೆ ಕೂಡಿಸಿ ಬರೆಯೋ ಬರಹ, ಓದೋಕೆ ಬರೋ ರಿಟೈರ್ಡ್ ಮೇಷ್ಟ್ರುಗಳು ನಮ್ಮಲ್ಲಿ ಇನ್ನೂ ಇದಾರೆ, ಈಗ್ಲೇ ಕರೀರಿ. ನನ್ನನ್ನ ಕರೆದ್ರೆ ನಾನೂ ಬರ್ತೀನಿ.

ನಿವೃತ್ತ ಕನ್ನಡ ಉಪನ್ಯಾಸಕ, ಚಿಕ್ಕಮಗಳೂರು