ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಬುರಗಿಯಿಂದಲೇ ಒಂದು ಟಿವಿ ಕಾರ್ಯಕ್ರಮ ಬೇಕು

ಸಂಪಾದಕರಿಗೆ,

ಮಾನ್ಯರೇ,

ಸಣ್ಣ ಮಕ್ಕಳನ್ನು ಟಿವಿ, ಮೊಬೈಲ್‌ಗಳಿಂದ ದೂರವಿಡಿ ಎಂಬ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಎರಡು ವರ್ಷ ತುಂಬದ ಕೂಸುಗಳ ಮಟ್ಟಿಗೆ ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮೂರು, ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುವುದು ಬೇರೆ. ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆಯೇ ಹೊರತು ಬೇಡವೇ ಬೇಡ ಎನ್ನುವುದಿಲ್ಲ. ಹಾಗಿದ್ದರೆ ಆ ಒಂದು ಗಂಟೆಯೊಳಗೆ ಮಗು ಏನನ್ನು ನೋಡುತ್ತದೆ, ಯಾರ ಜೊತೆ ಕುಳಿತು ನೋಡುತ್ತದೆ? ಅಂಗನವಾಡಿ ಮೇಲ್ವಿಚಾರಕಿಯಾಗಿ ಕಲಬುರಗಿ ಜಿಲ್ಲೆಯ ಊರು, ತಾಂಡಾಗಳನ್ನು ಸುತ್ತಿದ ನನಗೆ ಈ ಪ್ರಶ್ನೆಯನ್ನು ಯಾರಾದರೂ ಗಟ್ಟಿಯಾಗಿ ಕೇಳಬೇಕು ಎನ್ನಿಸಿದೆ.

ಈಗ ನಡೆಯುತ್ತಿರುವುದು ಎಲ್ಲರಿಗೂ ಗೊತ್ತು. ತೊಗರಿ ರಾಶಿಯ ದಿನಗಳಲ್ಲಿ ತಾಯಿ ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾಳೆ. ಅಂಗನವಾಡಿಯಿಂದ ಮರಳಿದ ಮಗು ರಗಳೆ ಮಾಡದಿರಲಿ ಎಂದು ಅಜ್ಜಿಯೋ ಅಕ್ಕನೋ ಅದರ ಕೈಗೆ ಮೊಬೈಲ್ ಕೊಡುತ್ತಾರೆ. ಒಂದು ವಿಡಿಯೊ ಮುಗಿಯುವುದರೊಳಗೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಇಂಗ್ಲಿಷ್ ಪದ್ಯವಾದ ಮೇಲೆ ಹಿಂದಿ ಕಾರ್ಟೂನ್, ಅದಾದ ಮೇಲೆ ಯಾರೋ ಆಟಿಕೆಯ ಡಬ್ಬಿ ಬಿಚ್ಚಿ ತೋರಿಸುವ ವಿಡಿಯೊ. ಆ ಅಜ್ಜಿಯನ್ನು ನಾನು ದೂರುವುದಿಲ್ಲ. ಮನೆಗೆಲಸ, ದನಕರು, ಒಲೆ ಎಲ್ಲವೂ ಅವಳ ಮೇಲೆಯೇ ಇರುತ್ತವೆ.

ಸೇಡಂ ಕಡೆಯ ಒಂದು ತಾಂಡಾದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ವನ್, ಟೂ, ತ್ರೀ ಎಂದು ಇಪ್ಪತ್ತರವರೆಗೆ ಎಲ್ಲೂ ತಡವರಿಸದೆ ಹೇಳಿದಳು. ಮನೆಯವರ ಮುಖದಲ್ಲಿ ಹಿಗ್ಗು. ಅಂಗಳದಲ್ಲಿ ತೊಗರಿ ಹರವಿದ್ದರು. "ಮೂರು ಕಾಳು ಕೊಡು ನೋಡೋಣ" ಎಂದು ನಾನು ಕೈ ಚಾಚಿದೆ. ಅವಳು ಮುಷ್ಟಿ ತುಂಬ ಬಾಚಿ ನನ್ನ ಅಂಗೈಗೆ ಸುರಿದಳು. ಮತ್ತೆ ಕೇಳಿದೆ, ಮತ್ತೆ ಮುಷ್ಟಿ ತುಂಬ ಬಂತು. ಅಂಕಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು, ಆದರೆ ಒಂದು ಕಾಳಿಗೆ ಒಂದು ಅಂಕಿ ಎಂದು ಹೊಂದಿಸಿ ಎಣಿಸುವುದನ್ನು ಯಾರೂ ಕಲಿಸಿರಲಿಲ್ಲ. ತಾನಾಗಿ ಓಡುವ ವಿಡಿಯೊ ಅದನ್ನು ಕಲಿಸಲಾರದು. ಮಗುವಿನ ಉತ್ತರಕ್ಕಾಗಿ ಅದು ನಿಲ್ಲುವುದೇ ಇಲ್ಲ.

ಅದೇ ಪರದೆಯಿಂದ ಮಕ್ಕಳು ಚೆನ್ನಾಗಿ ಕಲಿತದ್ದನ್ನೂ ಕಂಡಿದ್ದೇನೆ. ಶಹಾಬಾದ್ ಸಮೀಪದ ಅಂಗನವಾಡಿಯೊಂದಕ್ಕೆ ಊರಿನವರೊಬ್ಬರು ಟಿವಿ ಕೊಟ್ಟಿದ್ದರು. ಅಲ್ಲಿನ ಕಾರ್ಯಕರ್ತೆ ಪೆನ್‌ಡ್ರೈವ್‌ನಲ್ಲಿ ತುಂಬಿಸಿಕೊಂಡು ಬಂದಿದ್ದ ಒಂದೇ ಹಾಡನ್ನು ವಾರವಿಡೀ ಹಾಕುತ್ತಿದ್ದರು. ಬುಟ್ಟಿಯಲ್ಲಿರುವ ಐದು ರೊಟ್ಟಿ ಒಂದೊಂದಾಗಿ ಖಾಲಿಯಾಗುವ ಹಾಡು ಅದು. ಪ್ರತಿ ಸಾಲಿಗೂ ರಿಮೋಟ್ ಒತ್ತಿ ನಿಲ್ಲಿಸಿ, "ಈಗ ಬುಟ್ಟಿಯಲ್ಲಿ ಎಷ್ಟು ಉಳಿದವು?" ಎಂದು ಕೇಳುತ್ತಿದ್ದರು. ಪರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಬುಟ್ಟಿಯಿಂದ ಮಕ್ಕಳು ಬಾಟಲಿ ಮುಚ್ಚಳಗಳನ್ನು ಒಂದೊಂದೇ ಆಚೆ ಸರಿಸುತ್ತಿದ್ದರು. ಮೊದಲ ದಿನ ಸುಮ್ಮನೆ ಕುಳಿತು ನೋಡಿದ್ದ ಮಕ್ಕಳು ವಾರದ ಕೊನೆಗೆ ಟಿವಿಗಿಂತ ಮೊದಲೇ ಉತ್ತರ ಕೂಗುತ್ತಿದ್ದರು. ಮನೆಯಲ್ಲಿ ಲಂಬಾಣಿ ಮಾತನಾಡುವ ಒಬ್ಬ ಹುಡುಗ ಅಕ್ಕೋರ ಕೈಯಿಂದ ರಿಮೋಟ್ ತೆಗೆದುಕೊಂಡು ತಾನೇ ನಿಲ್ಲಿಸಿ, ತಾನೇ ಕನ್ನಡದಲ್ಲಿ ಪ್ರಶ್ನೆ ಕೇಳಿದ.

ಆ ಕಾರ್ಯಕರ್ತೆ ತಮ್ಮ ಅನುಭವದಿಂದ ಮಾಡಿದ್ದನ್ನೇ ಬೇರೆಡೆ ಅಧ್ಯಯನ ಮಾಡಿ ಜಾರಿಗೆ ತಂದಿದ್ದಾರೆ. ಅಮೆರಿಕದಲ್ಲಿ 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಕಾರ್ಯಕ್ರಮ ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ತೋರಿಸುತ್ತಿತ್ತು, ಪ್ರಶ್ನೆ ಕೇಳಿ ಮಗು ಉತ್ತರಿಸಲೆಂದು ಕಾಯುತ್ತಿತ್ತು. ದೊಡ್ಡವರಿಗೆ ಬೇಸರ ತರಿಸುವ ಪುನರಾವರ್ತನೆ ಆ ವಯಸ್ಸಿನ ಮಕ್ಕಳಿಗೆ ಕಲಿಕೆಯ ದಾರಿ. ಅದಕ್ಕೂ ಮೊದಲು, 1969ರ ನವೆಂಬರ್ 10ರಂದು ಆರಂಭವಾದ 'ಸೆಸಮಿ ಸ್ಟ್ರೀಟ್' ಬಡ ಕುಟುಂಬಗಳ ಮಕ್ಕಳೂ ಶಾಲೆಗೆ ಸೇರುವ ಮುನ್ನ ಅಕ್ಷರ, ಅಂಕಿ ಕಲಿಯಲಿ ಎಂದೇ ರೂಪುಗೊಂಡದ್ದು. ಅದನ್ನು ತಯಾರಿಸಿದವರು ಮಗುವಿನ ಮುಂದೆ ಟಿವಿ ಇಟ್ಟು, ಪಕ್ಕದಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುವ ಬಣ್ಣದ ಸ್ಲೈಡುಗಳನ್ನು ತೋರಿಸುತ್ತಿದ್ದರು. ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಟಿವಿ ಬಿಟ್ಟು ಸ್ಲೈಡಿನತ್ತ ಹೊರಳಿತು ಎಂದು ಬರೆದುಕೊಂಡು ಆ ಭಾಗವನ್ನು ತಿದ್ದುತ್ತಿದ್ದರು. ಮಕ್ಕಳ ಕಾರ್ಯಕ್ರಮಕ್ಕೆ ಅಷ್ಟು ಶ್ರದ್ಧೆ ಬೇಕು. ದೊಡ್ಡವರ ಕಾರ್ಟೂನಿಗೆ ಕನ್ನಡ ದನಿ ಅಂಟಿಸಿದರೆ ಅದು ಮಕ್ಕಳ ಶಿಕ್ಷಣವಾಗುವುದಿಲ್ಲ.

ಇದರಿಂದ ಲಾಭವಾಯಿತೇ ಎಂಬುದಕ್ಕೆ ಮೆಲಿಸ್ಸಾ ಕಿಯರ್ನಿ ಮತ್ತು ಫಿಲಿಪ್ ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಆ ಕಾಲದಲ್ಲಿ ಅಮೆರಿಕದ ಕೆಲವು ಕಡೆ 'ಸೆಸಮಿ ಸ್ಟ್ರೀಟ್' ವಿಎಚ್‌ಎಫ್ ಚಾನೆಲ್‌ನಲ್ಲಿ ಸ್ಪಷ್ಟವಾಗಿ ಬರುತ್ತಿತ್ತು. ಇನ್ನು ಕೆಲವೆಡೆ ಯುಎಚ್‌ಎಫ್‌ನಲ್ಲಿ ಬರುತ್ತಿದ್ದ ಕಾರಣ ಬಹಳ ಮನೆಗಳಿಗೆ ಸಿಗುತ್ತಲೇ ಇರಲಿಲ್ಲ. ಈ ಎರಡು ಬಗೆಯ ಪ್ರದೇಶಗಳನ್ನು ಹೋಲಿಸಿದಾಗ, ಸಿಗ್ನಲ್ ಚೆನ್ನಾಗಿದ್ದ ಕಡೆಯ ಮಕ್ಕಳು ವಯಸ್ಸಿಗೆ ತಕ್ಕ ತರಗತಿಯಲ್ಲಿ ಓದುತ್ತಿರುವ ಸಾಧ್ಯತೆ ಹೆಚ್ಚಿತ್ತು. ಬಡತನ ಹೆಚ್ಚಿದ್ದಲ್ಲಿ ಈ ಲಾಭ ಇನ್ನಷ್ಟು ಎದ್ದು ಕಂಡಿತು. ದೊಡ್ಡವರಾದ ಮೇಲಿನ ಓದು, ದುಡಿಮೆಯವರೆಗೂ ಅದು ಉಳಿಯಿತು ಎನ್ನಲು ಅಷ್ಟು ಗಟ್ಟಿ ಪುರಾವೆ ಸಿಗಲಿಲ್ಲ. ಆದರೂ ಒಂದನೇ ತರಗತಿಯ ಹೊಸ್ತಿಲಲ್ಲೇ ಹಿಂದೆ ಬೀಳುವ ನಮ್ಮ ಮಕ್ಕಳಿಗೆ ಆ ಮೊದಲ ಆಸರೆ ಸಣ್ಣದಲ್ಲ.

ಇದನ್ನೆಲ್ಲ ಹೊರದೇಶದ ಕತೆ ಎಂದು ತಳ್ಳಿಹಾಕುವಂತಿಲ್ಲ. ದೇಶದಲ್ಲಿ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ಬಂದ ಮೊದಲ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಇಸ್ರೊ ಸಂಸ್ಥೆಯು ನಾಸಾದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಈಗಿನ ಯಾದಗಿರಿ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ತಂತಿ ಬಲೆಯ ದೊಡ್ಡ ಆಂಟೆನಾ, ಎದುರಿಗೆ ಟಿವಿ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಪಾಠ. 1977ರಲ್ಲಿ ಗುಲಬರ್ಗಾದಿಂದಲೇ ದೂರದರ್ಶನ ಪ್ರಸಾರವೂ ಆರಂಭವಾಯಿತು, ಬೆಂಗಳೂರಿಗಿಂತ ಮೊದಲು.

ಆದರೆ ಸೈಟ್‌ನ ಬೆಳಗಿನ ಪಾಠಗಳು 5ರಿಂದ 12 ವರ್ಷದವರಿಗೆ ಮೀಸಲಾಗಿದ್ದವು. ಅವರಿಗಿಂತ ಚಿಕ್ಕವರ ಯೋಜನೆಯಾದ ಐಸಿಡಿಎಸ್, ಅಂದರೆ ಅಂಗನವಾಡಿಗಳ ವ್ಯವಸ್ಥೆ, ಅದೇ ವರ್ಷದ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಯಿತು. ಎರಡೇ ತಿಂಗಳ ಅಂತರದಲ್ಲಿ ಹುಟ್ಟಿದ ಈ ಎರಡು ಕೆಲಸಗಳನ್ನು ಜೋಡಿಸುವ ಯೋಚನೆ, ನನಗೆ ತಿಳಿದ ಮಟ್ಟಿಗೆ, ನಮ್ಮ ಭಾಗದಲ್ಲಿ ಅಂದೂ ಆಗಲಿಲ್ಲ, ಇಂದಿಗೂ ಆಗಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ. ಕೊರೊನಾ ಕಾಲದಲ್ಲಿ ಚಂದನದಲ್ಲಿ ಬಂದ 'ಸಂವೇದ' ಪಾಠಗಳು ಕೂಡ ಶಾಲಾ ತರಗತಿಗಳಿಗಾಗಿಯೇ ಇದ್ದವು.

ನಾನು ಕೇಳುತ್ತಿರುವುದು ದಿನಕ್ಕೆ ಅರ್ಧ ಗಂಟೆ ಮಾತ್ರ. ದೂರದರ್ಶನದ ಹಳೆಯ ಭೂ ಪ್ರಸಾರ ನಿಂತಾಗಲೂ ಕಲಬುರಗಿ ಕೇಂದ್ರ ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತದೆ ಎಂದು ಪ್ರಸಾರ ಭಾರತಿ 2021ರಲ್ಲಿ ಹೇಳಿತ್ತು. ಆ ಕೇಂದ್ರ ಈ ಕೆಲಸ ಕೈಗೆತ್ತಿಕೊಳ್ಳಲಿ. ಚಂದನ ವಾಹಿನಿ ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್‌ನಲ್ಲಿ ಸಿಗುತ್ತದೆ, ಹಾಗಾಗಿ ಬಡವರ ಮನೆಗೂ ಮುಟ್ಟುತ್ತದೆ. ಒಂದು ಕಂತು ವಾರವಿಡೀ ಬರಲಿ, ಬೆಳಿಗ್ಗೆ ಅಂಗನವಾಡಿಯ ವೇಳೆಗೊಮ್ಮೆ, ಸಂಜೆ ತಾಯಿ ಮನೆಗೆ ಬಂದ ಮೇಲೊಮ್ಮೆ. ಅದರಲ್ಲಿ ಜೋಳದ ತೆನೆ, ಎಳ್ಳ ಅಮಾವಾಸ್ಯೆಯ ಚರಗ, ಶರಣಬಸವೇಶ್ವರರ ಜಾತ್ರೆಯ ತೇರು, ಬಂದೇನವಾಜರ ಉರುಸು, ಬೀದರಿನ ಕೋಟೆ ಇರಲಿ. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳು ನಮ್ಮ ಅಂಗನವಾಡಿಗಳಲ್ಲಿ ಒಟ್ಟಿಗೆ ಕುಳಿತಿರುತ್ತಾರೆ. ಗೊಂಬೆಯೊಂದು ಅವರ ಮಾತಿನಲ್ಲಿ ನಮಸ್ಕಾರ ಹೇಳಿ ನಿಧಾನವಾಗಿ ಕನ್ನಡಕ್ಕೆ ಕರೆತಂದರೆ ಆ ಮಕ್ಕಳ ಹಿಂಜರಿಕೆ ಎಷ್ಟೋ ಕಡಿಮೆಯಾಗುತ್ತದೆ.

ಇದು ಕಾರ್ಯಕರ್ತೆಯ ಜಾಗ ತುಂಬುವ ಯಂತ್ರ ಆಗಬಾರದು. ಮಗು ಮಾತು ಕಲಿಯುವುದು ತನಗೆ ಮರುಮಾತು ಕೊಡುವ ಮನುಷ್ಯರಿಂದ. ಪೋಷಣ್ ಟ್ರ್ಯಾಕರ್, ಸಮೀಕ್ಷೆ, ಆಹಾರ ವಿತರಣೆ ಎಂದು ಈಗಾಗಲೇ ಬಸವಳಿದಿರುವ ಆ ಹೆಣ್ಣುಮಕ್ಕಳಿಗೆ ಇನ್ನೊಂದು ರಿಜಿಸ್ಟರ್ ಹೊರಿಸಲೂಬಾರದು. ಕಾರ್ಯಕ್ರಮದ ಕೊನೆಯ ಐದು ನಿಮಿಷದಲ್ಲಿ, ಟಿವಿ ಆರಿಸಿದ ಮೇಲೆ ಯಾವ ಆಟ ಆಡಿಸಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಅವರಿಗೂ ತಾಯಂದಿರಿಗೂ ತೋರಿಸಿದರೆ ಸಾಕು. ಹಗಲು ಕರೆಂಟ್ ಹೋಗುವ ಊರುಗಳಿಗೆ ಅದೇ ಕಂತನ್ನು ಪೆನ್‌ಡ್ರೈವ್‌ನಲ್ಲಿ ಕೊಡಬಹುದು.

ಹಣಕ್ಕಾಗಿ ದೂರ ಹುಡುಕಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಈ ಭಾಗದ ಹಿಂದುಳಿದಿರುವಿಕೆಯನ್ನು ನೀಗಿಸಲು. ಕಟ್ಟಡಗಳಿಗೆ ಸಿಗುವ ಗಮನದಲ್ಲಿ ಸ್ವಲ್ಪವಾದರೂ ಕಟ್ಟಡದೊಳಗೆ ಕುಳಿತ ಮಕ್ಕಳಿಗೆ ಸಿಗಲಿ. ಮಂಡಳಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ದೂರದರ್ಶನ ಕೇಂದ್ರ ಒಟ್ಟಿಗೆ ಕುಳಿತು ಮೊದಲು ಹನ್ನೆರಡು ಕಂತು ತಯಾರಿಸಲಿ. ಚಿಂಚೋಳಿ, ಔರಾದ್, ಸುರಪುರ ತಾಲ್ಲೂಕುಗಳ ಕೆಲವು ಅಂಗನವಾಡಿಗಳಲ್ಲಿ ಒಂದು ಹಂಗಾಮು ತೋರಿಸಿ, ಮಕ್ಕಳು ಎಲ್ಲಿ ಕಣ್ಣು ತಿರುಗಿಸಿದರು, ಏನು ಕಲಿತರು ಎಂದು ಕಾರ್ಯಕರ್ತೆಯರನ್ನೇ ಕೇಳಿ ತಿದ್ದಲಿ. ಆಮೇಲೆ ಪ್ರಸಾರಕ್ಕೆ ಕೊಡಲಿ. ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳ ಜನಪ್ರತಿನಿಧಿಗಳು ಈ ಬೇಡಿಕೆಯನ್ನು ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ
ಚಿತ್ತಾಪುರ, ಕಲಬುರಗಿ ಜಿಲ್ಲೆ