ಕೆವಿನ್‌ನ ಮದುವೆಯ ಪುಟ

ಸಂಪಾದಕರಿಗೆ ನಮಸ್ಕಾರ.

ಬಾಡಿಗೆ ಲೈಬ್ರರಿಯಿಂದ ಅಮೆರಿಕದ ಆರ್ಚಿ ಕಾಮಿಕ್ಸ್ ತಂದು ಓದಿ ಬೆಳೆದವಳು ನಾನು. ಬೆಟ್ಟಿಯೋ ವೆರೋನಿಕಾಳೋ, ಆರ್ಚಿಗೆ ಯಾರು ಅನ್ನೋದೇ ಆಗ ನಮ್ಮ ದೊಡ್ಡ ಚಿಂತೆ. ಆರ್ಚಿಯ ಊರು ರಿವರ್‌ಡೇಲ್‌ಗೆ 2010ರಲ್ಲಿ ಕೆವಿನ್ ಕೆಲ್ಲರ್ ಬಂದ. ಆರ್ಚಿಯ ಗೆಳೆಯ ಜಗ್‌ಹೆಡ್ ಜೊತೆ ಪೈಪೋಟಿಗೆ ಬಿದ್ದು ಬರ್ಗರ್ ತಿಂದ, ತಾನು ಗೇ ಎಂದು ಸಲೀಸಾಗಿ ಹೇಳಿದ. 2012ರ ಜನವರಿ ಸಂಚಿಕೆಯಲ್ಲಿ ಅವನ ಮದುವೆಯೂ ಆಯಿತು. ಯುದ್ಧದಲ್ಲಿ ಗಾಯಗೊಂಡ ಸೈನಿಕ ಕೆವಿನ್, ಅವನ ಕೈಹಿಡಿದವನು ಅವನನ್ನು ಮತ್ತೆ ನಡೆಯುವಂತೆ ಮಾಡಿದ ಫಿಸಿಯೋಥೆರಪಿಸ್ಟ್ ಕ್ಲೇ. ಅಂಗಡಿಯಿಂದ ಆ ಪುಸ್ತಕ ತೆಗೆಯಿರಿ ಎಂದು ಅಮೆರಿಕದ ತಾಯಂದಿರ ಗುಂಪೊಂದು ಒತ್ತಾಯಿಸಿತು. ಆದರೆ ಪ್ರತಿಗಳೆಲ್ಲ ಮಾರಾಟವಾಗಿ ಖಾಲಿಯಾದವು!

1954ರಲ್ಲಿ ಅಲ್ಲಿನ ಕಾಮಿಕ್ಸ್ ಪ್ರಕಾಶಕರು ತಾವೇ ಮಾಡಿಕೊಂಡ ನಿಯಮಗಳ ಪ್ರಕಾರ ಇಂಥ ಪಾತ್ರ ಬರೆಯುವಂತೆಯೇ ಇರಲಿಲ್ಲ. ಆರ್ಚಿಯ ಪ್ರಕಾಶಕರೂ ಅದರ ಮುಂಚೂಣಿಯಲ್ಲಿದ್ದರು. ಅವರೇ ಬದಲಾದರು, ಅಲ್ವಾ?

ನನ್ನ ಅಕ್ಕನ ಮಗ ಕೆನಡಾದಲ್ಲಿ ತನ್ನ ಗೆಳೆಯನನ್ನು ಮದುವೆಯಾಗಿದ್ದಾನೆ. ಅಲ್ಲಿ 2005ರಿಂದಲೇ ಕಾನೂನಿದೆ. ಇಲ್ಲಿ 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟ್ ಇಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ಶಾಸನಸಭೆಯ ಕೆಲಸ ಎಂದಿತು. ಅಂದು ಅಕ್ಕ ಟಿವಿ ಆರಿಸಿ ಸುಮ್ನೆ ಕೂತಳು. ಮಗನ ಮದುವೆ ಫೋಟೋ ಅವಳ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿತ್ತು. ಇಬ್ಬರಿಗೂ ಬಿಳಿ ಪಂಚೆ, ಕೊರಳಲ್ಲಿ ಮಲ್ಲಿಗೆ ಹಾರ.

ಕನ್ನಡದ ಮಕ್ಕಳ ಪತ್ರಿಕೆಗಳ ಚಿತ್ರಕಥೆಗಳಲ್ಲೂ ಒಬ್ಬ ಕೆವಿನ್ ಬರಲಿ. ಬರೆಯುವವರೇ, ದಯವಿಟ್ಟು ಯೋಚಿಸಿ. ಫೋಟೋವನ್ನು ಕಳೆದ ವಾರ ನಾವಿಬ್ಬರೂ ಹಾಲ್‌ನಲ್ಲಿ ನೇತುಹಾಕಿದೆವು.

– ಓದುಗಿ, ಬೆಂಗಳೂರು