ರೋಗಿಯನ್ನು ಎತ್ತಲು ಒಬ್ಬರೇ ಸಾಲದು

ಸರ್ಕಾರಿ ಆಸ್ಪತ್ರೆಗಳಲ್ಲಿ, ಅದರಲ್ಲೂ ರಾತ್ರಿ ಪಾಳಿಯಲ್ಲಿ, ಹಾಸಿಗೆ ಹಿಡಿದ ರೋಗಿಗಳನ್ನು ಎತ್ತುವ, ಮಗ್ಗುಲು ಬದಲಿಸುವ ಕೆಲಸ ಶುಶ್ರೂಷಕಿಯರನ್ನು ಧರ್ಮಸಂಕಟಕ್ಕೆ ದೂಡುತ್ತಿದೆ. ಮೈ ಅಲುಗಿಸಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಾಗುವ ಅಪಾಯವಿದೆ. ನೆರವಿಗೆ ಕಾಯುತ್ತ ಕುಳಿತರೆ ರೋಗಿಗೆ ಅನ್ಯಾಯ. ಒಬ್ಬರೇ ಎತ್ತಲು ಹೋದರೆ ರೋಗಿ ಜಾರಿ ಬೀಳುವ ಭಯ, ಜತೆಗೆ ತಮ್ಮ ಬೆನ್ನಿಗೂ ಪೆಟ್ಟು. ಕೊನೆಗೆ ರೋಗಿಯ ಕಡೆಯವರನ್ನೇ ಕೈಜೋಡಿಸಲು ಕೇಳಬೇಕಾಗುತ್ತದೆ. ಪಾರ್ಶ್ವವಾಯು ಬಡಿದ ತೋಳನ್ನು ಅವರು ತಿಳಿಯದೆ ಹಿಡಿದೆಳೆದರೆ ಭುಜದ ಕೀಲಿಗೇ ಹಾನಿಯಾಗಬಹುದು. ಇದಕ್ಕೆ ಹೊಣೆ ಯಾರು?

ಬ್ರಿಟನ್‌ನಲ್ಲಿ 1992ರ ನಿಯಮಾವಳಿಯು ಅಪಾಯಕಾರಿಯಾಗಿ ಭಾರ ಎತ್ತುವುದನ್ನು ಸಾಧ್ಯವಾದಷ್ಟು ತಪ್ಪಿಸುವ ಹೊಣೆಯನ್ನು ಉದ್ಯೋಗದಾತರಿಗೆ ವಹಿಸಿದೆ. ನಮ್ಮಲ್ಲೂ ಇದು ಆಸ್ಪತ್ರೆಯ ಆಡಳಿತದ ಹೊಣೆಯಾಗಬೇಕೇ ಹೊರತು ಶುಶ್ರೂಷಕಿಯ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಬಾರದು.

ಆರೋಗ್ಯ ಇಲಾಖೆಯು ಪ್ರತಿ ವಾರ್ಡ್‌ಗೂ ರೋಗಿಯ ಮೈಕೆಳಗೆ ಹಾಸಿ ಸುಲಭವಾಗಿ ಸರಿಸಲು ನೆರವಾಗುವ ನುಣುಪಾದ ಸ್ಲೈಡ್ ಶೀಟ್‌ಗಳನ್ನು (ಇವೇನೂ ದುಬಾರಿಯಲ್ಲ) ಒದಗಿಸಲಿ. ರಾತ್ರಿ ಪಾಳಿಗೆ ತರಬೇತಿ ಪಡೆದ ಸಹಾಯಕರನ್ನು ನೇಮಿಸಲಿ. ‘ಒಬ್ಬಳೇ ಎತ್ತಲಾರೆ’ ಎನ್ನುವ ಶುಶ್ರೂಷಕಿಯನ್ನು ಕರ್ತವ್ಯಲೋಪದ ಹೆಸರಿನಲ್ಲಿ ದಂಡಿಸಬಾರದೆಂದು ಲಿಖಿತ ಸುತ್ತೋಲೆಯನ್ನೂ ಹೊರಡಿಸಲಿ.